ಬಳಸುವವರ ಪುಸ್ತಕ, ಕಟ್ಟುವವರ ಪುಸ್ತಕ

ಮೂಡುಬಿದಿರೆ ತಾಲ್ಲೂಕಿನ ಶಿರ್ತಾಡಿ ಪೇಟೆಯಲ್ಲಿ ಒಂದು ಡಿಟಿಪಿ ಅಂಗಡಿ. ಮದುವೆ ಕಾಗದ, ಭೂತಕೋಲದ ಕರೆಯೋಲೆ, ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ, ಪಂಚಾಯಿತಿಗೆ ಕೊಡುವ ಅರ್ಜಿ ಎಲ್ಲವೂ ಅಲ್ಲಿ ಆಗುತ್ತವೆ. ಕಂಪ್ಯೂಟರಿನ ಹಿಂದಿನ ಗೋಡೆಗೆ ಒಂದು ಹಾಳೆ ಅಂಟಿಸಿದೆ. ಯಾವ ಕೀಲಿ ಒತ್ತಿದರೆ ಯಾವ ಕನ್ನಡ ಅಕ್ಷರ ಎಂಬ ಪಟ್ಟಿ ಅದು. ಲ್ಯಾಮಿನೇಶನ್ ಹಳದಿಯಾಗಿ ಮೂಲೆ ಎದ್ದಿದೆ. ಇಪ್ಪತ್ತು ವರ್ಷಕ್ಕೂ ಹಿಂದೆ ಅಂಟಿಸಿದ್ದು ಎನ್ನುತ್ತಾರೆ ಅಂಗಡಿಯವರು. ಅದರಲ್ಲಿ ಬರೆದಿರುವ ಒಂದು ಅಕ್ಷರವೂ ಇಂದಿಗೂ ಸುಳ್ಳಾಗಿಲ್ಲ.

ಈ ಹಾಳೆಯ ಮುಂದೆ ಕುಳಿತು ಅವರು ಕಳೆದ ಮಳೆಗಾಲದಲ್ಲಿ ಒಂದು ಸಿ.ಡಿ. ತೆರೆದಿದ್ದರು. ಊರಿನ ದೈವಸ್ಥಾನವೊಂದರ ಹಳೆಯ ಸಂಚಿಕೆ ಅದರಲ್ಲಿತ್ತು. ಸ್ಥಳಪುರಾಣದ ಹದಿನೆಂಟು ಪುಟ ಮರುಮುದ್ರಣವಾಗಬೇಕಿತ್ತು. ಬರೆದ ಹಿರಿಯರು ಈಗಿಲ್ಲ. ಅಚ್ಚಾದ ಪ್ರತಿ ಎಂದು ಸಿಕ್ಕಿದ್ದು ಗೆದ್ದಲು ಹಿಡಿದ ಒಂದೇ ಒಂದು. ಕಡತ ತೆರೆದುಕೊಂಡಿತು, ಪರದೆಯ ತುಂಬ ಬ್ರಿಟಿಷರ ಪೌಂಡ್ ಚಿಹ್ನೆ, ಜರ್ಮನ್ ಅಕ್ಷರ, ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಎ. "ಓಪನ್ ಆಗ್ತದೆ ಮಾರಾಯ್ರೆ, ಆದ್ರೆ ಓದ್ಲಿಕ್ಕೆ ಆಗುದಿಲ್ಲ" ಎಂದರು. ಸಂಚಿಕೆ ಮಾಡಿದ ತಂತ್ರಾಂಶಕ್ಕೆ ಆ ಕಾಲದಲ್ಲಿ ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸುವ ಒಂದು ಲಾಕ್ ಇರುತ್ತಿತ್ತು. ಲಾಕ್ ಕೆಟ್ಟು ಎಷ್ಟೋ ವರ್ಷವಾಗಿದೆ. ಫಾಂಟು ಹಳೆಯ ಯಂತ್ರದ ಜತೆ ಗುಜರಿಗೆ ಹೋಗಿದೆ.

ಗೋಡೆಯ ಮೇಲಿನ ಹಾಳೆ ಉಳಿದಿದೆ, ಸಿ.ಡಿ.ಯೊಳಗಿನ ಬರಹ ಉಳಿದಿಲ್ಲ. ಎರಡೂ ಒಂದೇ ಕಾಲದವು. ಒಂದು ಹೇಗೆ ಉಳಿಯಿತು, ಇನ್ನೊಂದು ಏಕೆ ಹೋಯಿತು ಎಂದು ಹುಡುಕಿಕೊಂಡು ಹೊರಟರೆ ತಂತ್ರಾಂಶದ ಕೈಪಿಡಿಗಳ ಚರಿತ್ರೆಗೇ ಬಂದು ನಿಲ್ಲಬೇಕಾಗುತ್ತದೆ. ಅಂಥದೊಂದು ಚರಿತ್ರೆ ಇದೆ ಎಂಬುದೇ ಹಲವರಿಗೆ ಹೊಸ ಸಂಗತಿಯಾಗಬಹುದು. ಕೈಪಿಡಿಯನ್ನು ಓದುವವರು ಯಾರು?

ಒಂದು ಪದ, ಎರಡು ಲೆಕ್ಕ

ಮೊದಲು 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳೋಣ. ಗೋಡೆಯ ಹಾಳೆಯ ಪ್ರಕಾರ ಇದಕ್ಕೆ ಐದು ಕೀಲಿ ಸಾಕು. ಕೆ, ಎನ್, ಎಫ್, ಎನ್, ಡಬ್ಲ್ಯೂ. ನಡುವಿನ ಎಫ್ ಒತ್ತಕ್ಷರಕ್ಕೆ ಕೊಂಡಿ. ಬೆರಳಚ್ಚು ಕಲಿಯುವ ಹುಡುಗಿಗೆ ಇಷ್ಟು ಗೊತ್ತಾದರೆ ಕೆಲಸ ಆಯಿತು.

ಯಂತ್ರದೊಳಗೆ ಮಾತ್ರ ನಡೆಯುವುದು ಬೇರೆ. 2000ದ ಆಸುಪಾಸಿನಲ್ಲಿ ಕನ್ನಡನಾಡಿನಲ್ಲಿ ಹೆಚ್ಚು ಚಾಲ್ತಿಯಲ್ಲಿದ್ದ ಸಂಕೇತಕ್ರಮದಲ್ಲಿ ಈ ಪದ ಏಳು ತುಂಡಾಗಿ ಕೂರುತ್ತಿತ್ತು. ಇಂಗ್ಲಿಷಿನ ಪಿ ಇರಬೇಕಾದ ಮನೆಯಲ್ಲಿ ಕಕಾರದ ಒಡಲು. ಗೀಟು ಹೊತ್ತ ಎ ಇರಬೇಕಾದ ಮನೆಯಲ್ಲಿ ಅದರ ತಲೆಕಟ್ಟು. ಪೌಂಡ್ ಚಿಹ್ನೆಯ ಮನೆಯಲ್ಲಿ ನಕಾರದ ಒಡಲು, ಮತ್ತೆ ತಲೆಕಟ್ಟು. ಜರ್ಮನರ ಎಸ್ಸೆಟ್ ಅಕ್ಷರದ ಮನೆಯಲ್ಲಿ ನಕಾರದ ಒತ್ತು. ಕ್ಯೂ ಮನೆಯಲ್ಲಿ ಡಕಾರ, ಮೂರನೆಯ ಸಲ ತಲೆಕಟ್ಟು. ಒಡಲನ್ನು ಹಾಗೆಯೇ ಇಟ್ಟು ತಲೆಕಟ್ಟಿನ ಜಾಗಕ್ಕೆ ಬೇರೆ ತುಂಡು ಇಟ್ಟರೆ ಕಾ ಆಗುತ್ತದೆ, ಕೆ ಆಗುತ್ತದೆ. ಅಚ್ಚುಮೊಳೆ ಜೋಡಿಸುವವರ ಹಳೆಯ ಉಪಾಯವೇ ಇದು. ಇಂಗ್ಲಿಷಿಗೆಂದು ಮಾಡಿದ 256 ಮನೆಗಳ ಪೆಟ್ಟಿಗೆಯಲ್ಲಿ ಕನ್ನಡದ ಮೊಳೆಗಳನ್ನು ತುಂಬಿದ್ದರು ಅಷ್ಟೇ. ಫಾಂಟು ಇದ್ದರೆ ಕಣ್ಣಿಗೆ ಕನ್ನಡ, ಇಲ್ಲದಿದ್ದರೆ ಪೌಂಡು ಮತ್ತು ಜರ್ಮನ್.

ಇಂದಿನ ಯುನಿಕೋಡ್ ಶಿಷ್ಟತೆಯಲ್ಲಿ ಲೆಕ್ಕ ಬೇರೆ. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಸಾಲಿನಲ್ಲಿ ಸಂಖ್ಯೆ ಹಂಚಿರುವ ಈ ಪಟ್ಟಿಯಲ್ಲಿ 3200ರಿಂದ 3327ರವರೆಗಿನ 128 ಮನೆಗಳು ಕನ್ನಡದವು. ಬೇರೆ ಯಾರೂ ಅಲ್ಲಿ ಕಾಲಿಡುವಂತಿಲ್ಲ. 1991ರಲ್ಲಿ ಬಂದ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಈ ಸ್ಥಾನವಿತ್ತು. ಇದರಲ್ಲಿ ಕನ್ನಡ ಎಂಬುದು 3221, 3240, 3277, 3240, 3233. ಕ, ನ, ವಿರಾಮ ಚಿಹ್ನೆ, ನ, ಡ. ಐದೇ ಸಂಖ್ಯೆ. ತಲೆಕಟ್ಟಿಗೆ ಇಲ್ಲಿ ಮನೆಯೇ ಇಲ್ಲ, ಅದನ್ನು ಬಿಡಿಸುವುದು ಫಾಂಟಿನ ಕೆಲಸ.

ಇನ್ನೊಂದು ವ್ಯತ್ಯಾಸವೂ ಇದೆ. ಹಳೆಯ ಕ್ರಮ ಕಣ್ಣಿನ ಕ್ರಮ. ಹೊಸದು ನಾಲಿಗೆಯ ಕ್ರಮ. 'ಸೂರ್ಯ' ಎಂದು ಬರೆಯುವಾಗ ಅರ್ಕಾವೊತ್ತು ಯಕಾರದ ಬಲಕ್ಕೆ ಕಾಣುತ್ತದೆ. ಹಳೆಯ ಕಡತದಲ್ಲಿ ಮೊದಲು ಯ, ಆಮೇಲೆ ಅರ್ಕಾವೊತ್ತು. ಉಚ್ಚಾರದಲ್ಲಿ ರೇಫ ಮೊದಲು, ಆದ್ದರಿಂದ ಯುನಿಕೋಡಿನಲ್ಲೂ ರೇಫ ಮೊದಲು. ಹಳೆಯದನ್ನು ಹೊಸದಕ್ಕೆ ತರುವವರು ತುಂಡು ತುಂಡಾಗಿ ಸಂಖ್ಯೆ ಬದಲಿಸಿದರೆ ಸಾಲದು, ಹಿಂದಿದ್ದದ್ದನ್ನು ಮುಂದಕ್ಕೆ ಎತ್ತಿಡಬೇಕು. ಅಕಾರಾದಿಯಾಗಿ ಜೋಡಿಸುವುದು, ಹುಡುಕುವುದು ಎಲ್ಲ ಸುಲಭವಾದದ್ದು ಈ ನಾಲಿಗೆಯ ಕ್ರಮದಿಂದ.

ಕೀಲಿ ಒತ್ತುವವಳಿಗೆ ಇದಾವುದೂ ಬೇಕಿಲ್ಲ. ಅಂದೂ ಐದು ಕೀಲಿ, ಇಂದೂ ಅವೇ ಐದು. ತಳದಲ್ಲಿ ಅಡಿಪಾಯವನ್ನೇ ಕಿತ್ತು ಬೇರೆ ಹಾಕಿದರೂ ಅವಳ ಹಾಳೆ ಬದಲಾಗಲಿಲ್ಲ. ಬಳಸುವವರ ಪುಸ್ತಕ ಮತ್ತು ಕಟ್ಟುವವರ ಪುಸ್ತಕ ಬೇರೆ ಬೇರೆ ಇರಬೇಕು ಎನ್ನುವುದಕ್ಕೆ ಮುಖ್ಯ ಕಾರಣ ಇಲ್ಲಿದೆ ಎಂದು ನನಗೆ ತೋರುತ್ತದೆ. ಒಂದು ಸುಲಭ, ಇನ್ನೊಂದು ಕಷ್ಟ ಎಂಬುದಷ್ಟೇ ಅಲ್ಲ. ಎರಡಕ್ಕೂ ವಯಸ್ಸಾಗುವ ವೇಗವೇ ಬೇರೆ.

ಸೂತ್ರ, ವೃತ್ತಿ, ವ್ಯಾಖ್ಯಾನ

ಓದುಗನನ್ನು ನೋಡಿಕೊಂಡು ಪುಸ್ತಕವನ್ನು ಪದರ ಪದರವಾಗಿ ಮಾಡುವುದು ಕಂಪ್ಯೂಟರಿನವರ ಕಂಡುಹಿಡಿತವೇನಲ್ಲ. ಶಿರ್ತಾಡಿಗೆ ದೂರವಲ್ಲದ ವೇಣೂರಿನಲ್ಲಿ ತಿಮ್ಮರಾಜ ಅಜಿಲ ಗೊಮ್ಮಟನನ್ನು ನಿಲ್ಲಿಸಿದ್ದು 1604ರಲ್ಲಿ. ಅದೇ 1604ರಲ್ಲಿ ಭಟ್ಟಾಕಳಂಕದೇವ 'ಕರ್ಣಾಟಕ ಶಬ್ದಾನುಶಾಸನ'ವನ್ನು ಮುಗಿಸಿದ. ಕನ್ನಡದ ವ್ಯಾಕರಣ, ಬರೆದದ್ದು ಸಂಸ್ಕೃತದಲ್ಲಿ. ಒಟ್ಟು 592 ಸೂತ್ರಗಳು. ಸೂತ್ರದ ಅರ್ಥ ಹೇಳಲು 'ಭಾಷಾಮಂಜರಿ' ಎಂಬ ವೃತ್ತಿ, ಅದರ ಮೇಲೆ 'ಮಂಜರೀಮಕರಂದ' ಎಂಬ ವ್ಯಾಖ್ಯಾನ. ಬಾಯಿಪಾಠಕ್ಕೆ ಸೂತ್ರ, ಪಾಠ ಹೇಳುವವರಿಗೆ ವೃತ್ತಿ, ವಾದಕ್ಕೆ ಇಳಿಯುವ ವಿದ್ವಾಂಸರಿಗೆ ವ್ಯಾಖ್ಯಾನ.

ಅವನಿಗಿಂತ ಮೂರು ಶತಮಾನಕ್ಕೂ ಹಿಂದೆ ಕೇಶಿರಾಜ 'ಶಬ್ದಮಣಿದರ್ಪಣ'ವನ್ನು ಕನ್ನಡದಲ್ಲೇ, ಕಂದಪದ್ಯಗಳಲ್ಲಿ ಬರೆದಿದ್ದ. ಅವನ ಓದುಗ ಕಾವ್ಯ ಕಟ್ಟಲು ಹೊರಟವನು. ಹಳೆಯ ೞಕಾರ ಆಗಲೇ ಜನರ ನಾಲಿಗೆಯಿಂದ ಜಾರುತ್ತಿದ್ದುದರಿಂದ, ಯಾವ ಪದಕ್ಕೆ ೞ, ಯಾವುದಕ್ಕೆ ಳ ಎಂದು ಕವಿ ತಪ್ಪಬಾರದೆಂದು ಪದಗಳನ್ನೇ ಪಟ್ಟಿ ಮಾಡಿ ಕೊಟ್ಟ. ಬಳಸುವವರಿಗೆ ಕೊಡುವ ಕೈಪಿಡಿ ಎಂದರೆ ಹೀಗಿರಬೇಕು, ತತ್ವಕ್ಕಿಂತ ಪಟ್ಟಿ. ಈ ೞಕಾರ ಮುಂದೆ ಇನ್ನೊಮ್ಮೆ ಬರಲಿದೆ, ಓದುಗರು ನೆನಪಿಡಬೇಕು.

ಮೂಡುಬಿದಿರೆಯದೇ ಇನ್ನೊಂದು ಉದಾಹರಣೆ ಇದೆ, ಸ್ವಲ್ಪ ಬೇರೆ ಬಗೆಯದು. ಪುಷ್ಪದಂತ, ಭೂತಬಲಿ ಆಚಾರ್ಯರ 'ಷಟ್‌ಖಂಡಾಗಮ'ದ ಸೂತ್ರಗಳು, ಅವುಗಳಿಗೆ ವೀರಸೇನಾಚಾರ್ಯರು 9ನೇ ಶತಮಾನದಲ್ಲಿ ಬರೆದ 'ಧವಲಾ' ಟೀಕೆ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದದ್ದು ಇಲ್ಲಿಯ ಬಸದಿಯಲ್ಲಿ. ಶತಮಾನಗಳ ಕಾಲ ಯಾತ್ರಿಕರಿಗೆ ಇದರ ದರ್ಶನವಿತ್ತು, ಓದಿರಲಿಲ್ಲ. 19ನೇ ಶತಮಾನದ ಕೊನೆಯಲ್ಲಿ ಪ್ರತಿ ಎತ್ತುವ ಕೆಲಸ ಶುರುವಾಗಿ, 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾ 16 ಸಂಪುಟಗಳಾಗಿ ಅಚ್ಚಾಯಿತು. ಗ್ರಂಥ ಹೊರಗೆ ಬಂದದ್ದರಿಂದ ಅದಕ್ಕೇನೂ ಕೊರತೆಯಾಗಲಿಲ್ಲ. ವೀರಸೇನರ ಗಣಿತದ ಬಗ್ಗೆ ಇಂದು ಜಗತ್ತಿನ ಚರಿತ್ರೆಕಾರರು ಬರೆಯುತ್ತಿದ್ದಾರೆ, ಪ್ರತಿ ಎತ್ತದೆ ಇದ್ದಿದ್ದರೆ ಅದು ಆಗುತ್ತಿರಲಿಲ್ಲ. 'ಮುಕ್ತ' ಎಂಬ ಪದವನ್ನು ತಂತ್ರಾಂಶದವರು ಬಳಸುವ ಅರ್ಥಕ್ಕೆ ಇದು ಹತ್ತಿರದ್ದು. ನೋಡಬಹುದು ಎಂಬುದಷ್ಟೇ ಅಲ್ಲ, ಪ್ರತಿ ಮಾಡಬಹುದು, ತಿದ್ದಬಹುದು, ಹಂಚಬಹುದು.

ಪೇಟೆಂಟ್ ಕಚೇರಿಯ ಬೆರಳಚ್ಚುಗಾರರು

ಈಗ ಅಮೆರಿಕಕ್ಕೆ ಹೋಗಬೇಕು. ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಅವರ ಗೆಳೆಯರು ಕಟ್ಟಿದ ಯುನಿಕ್ಸ್ ಎಂಬ ವ್ಯವಸ್ಥೆಯ ಮೊದಲ ಕೈಪಿಡಿ 1971ರ ನವೆಂಬರ್ 3ರ ದಿನಾಂಕ ಹೊತ್ತಿದೆ. ಅದರ ಹೆಸರು 'ಪ್ರೋಗ್ರಾಮರ್ಸ್ ಮ್ಯಾನ್ಯುಯಲ್', ಎಂದರೆ ಕಟ್ಟುವವರ ಕೈಪಿಡಿ. ಆದರೆ ಆ ಯಂತ್ರವನ್ನು ಹೊರಗಿನಿಂದ ಬಂದು ಮೊದಲು ನೆಚ್ಚಿಕೊಂಡವರು ಪ್ರೋಗ್ರಾಮರುಗಳಲ್ಲ. ಅದೇ ಸಂಸ್ಥೆಯ ಪೇಟೆಂಟ್ ವಿಭಾಗದ ಬೆರಳಚ್ಚುಗಾರರು. ಪೇಟೆಂಟ್ ಅರ್ಜಿಗಳನ್ನು ಅಚ್ಚುಕಟ್ಟಾಗಿ ತಯಾರಿಸಲು ಅವರಿಗೆ ಒಂದು ಸಲಕರಣೆ ಬೇಕಿತ್ತು. ಒಂದು ಬಗೆಯಲ್ಲಿ ನಮ್ಮ ಡಿಟಿಪಿ ಅಂಗಡಿಗಳ ಹಿರಿಯರು ಇವರು.

ಹಾಗಾಗಿ ಕೈಪಿಡಿಯನ್ನು ವಿಭಾಗ ಮಾಡಬೇಕಾಯಿತು. ಒಟ್ಟು ಏಳು ಭಾಗ. ಒಂದನೆಯ ಭಾಗದಲ್ಲಿ ಯಾರು ಬೇಕಾದರೂ ಕೀಲಿಸಬಹುದಾದ ಆದೇಶಗಳು. ಎರಡು, ಮೂರನೆಯ ಭಾಗಗಳಲ್ಲಿ ಹೊಸ ಪ್ರೋಗ್ರಾಂ ಬರೆಯುವವರಿಗೆ ಬೇಕಾದ ಒಳಕರೆಗಳು. ಮುಂದೆ ಸಾಧನಗಳು, ಕಡತಗಳ ಒಳರೂಪ ಇತ್ಯಾದಿ. ಆದೇಶದ ಹೆಸರಿನ ಪಕ್ಕದಲ್ಲಿ ಭಾಗದ ಸಂಖ್ಯೆ ಬರೆಯುವ ಪದ್ಧತಿ ಈಗಲೂ ಇದೆ. ಸಂಖ್ಯೆ ನೋಡಿದರೆ ಸಾಕು, ಇದು ತನಗೆ ಸಂಬಂಧಿಸಿದ ಪುಟವೋ ಅಲ್ಲವೋ ಎಂದು ಓದುವವರಿಗೆ ತಿಳಿಯುತ್ತದೆ. ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಆ ಕೈಪಿಡಿಯ ಪುಟಗಳ ಕೊನೆಯಲ್ಲಿ 'ಬಗ್ಸ್' ಎಂಬ ತಲೆಬರಹ ಇರುತ್ತಿತ್ತು. ಈ ಸಲಕರಣೆ ಎಲ್ಲಿ ಕೈಕೊಡುತ್ತದೆ ಎಂದು ಮಾಡಿದವರೇ ಅಲ್ಲಿ ಬರೆಯುತ್ತಿದ್ದರು. ಮಿಕ್ಸಿ, ಪಂಪ್‌ಸೆಟ್ಟುಗಳ ಜತೆ ಬರುವ ಕೈಪಿಡಿಗಳಲ್ಲಿ ಇಂಥ ಪ್ರಾಮಾಣಿಕತೆ ನಾನಂತೂ ಕಂಡಿಲ್ಲ.

1980ರ ದಶಕದಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯದ ಯುನಿಕ್ಸ್ ಆವೃತ್ತಿಯ ಕೈಪಿಡಿಗಳು ಅಚ್ಚಾದಾಗ ಭಾಗಗಳು ಸಂಪುಟಗಳಾದವು. ಬಳಸುವವರಿಗೆ ಒಂದು, ಪ್ರೋಗ್ರಾಂ ಬರೆಯುವವರಿಗೆ ಒಂದು, ಯಂತ್ರವನ್ನು ನಡೆಸಿಕೊಂಡು ಹೋಗುವವರಿಗೆ ಮತ್ತೊಂದು. ಈ ಮೂರನೆಯವರು ಮುಖ್ಯ. ಅವರು ಯಂತ್ರವನ್ನು ಕಟ್ಟಿದವರಲ್ಲ, ಬರೀ ಬಳಸುವವರೂ ಅಲ್ಲ. ಕೆಟ್ಟರೆ ಎಲ್ಲರೂ ಬೈಯುವುದು ಅವರನ್ನೇ.

ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. ತಂತ್ರಾಂಶದ ಮೂಲಬರಹವನ್ನು ಯಾರು ಬೇಕಾದರೂ ಓದಿ ತಿದ್ದುವಂತಿರಬೇಕು ಎಂಬುದು ಅವರ ಹಟ. ಕೈಪಿಡಿಯೂ ಮುಕ್ತವಾಗಿರಬೇಕು ಎಂದು ಅವರು ಅಷ್ಟೇ ಗಟ್ಟಿಯಾಗಿ ಹೇಳಿದರು. ತಂತ್ರಾಂಶವನ್ನು ತಿದ್ದಿದವರು ಕೈಪಿಡಿಯನ್ನು ತಿದ್ದಲಾಗದಿದ್ದರೆ ಅದು ಮರುದಿನವೇ ಸುಳ್ಳಾಗುತ್ತದಲ್ಲವೇ? 2000ದಲ್ಲಿ ಕೈಪಿಡಿಗಳಿಗೆಂದೇ ಪ್ರತ್ಯೇಕ ಪರವಾನಗಿಯೂ ಬಂತು. ಅವರ ಈಮ್ಯಾಕ್ಸ್ ಎಂಬ ತಂತ್ರಾಂಶಕ್ಕೆ ಎರಡು ದೊಡ್ಡ ಪುಸ್ತಕಗಳಿವೆ. ಬರೆಯುವವರಿಗೆ ಒಂದು, ಅದನ್ನೇ ಬದಲಾಯಿಸಿ ಬೆಳೆಸುವವರಿಗೆ ಇನ್ನೊಂದು. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ಆರಂಭಿಸಿದಾಗಲೂ ಹೀಗೇ ಆಯಿತು. ಕೆಲವೇ ವರ್ಷಗಳಲ್ಲಿ ಸ್ವಯಂಸೇವಕರು ಬಳಕೆದಾರರ ಮಾರ್ಗದರ್ಶಿ, ವ್ಯವಸ್ಥೆ ನೋಡಿಕೊಳ್ಳುವವರ ಮಾರ್ಗದರ್ಶಿ, ತಿರುಳನ್ನೇ ಕೆದಕುವವರ ಮಾರ್ಗದರ್ಶಿ ಎಂದು ಬೇರೆ ಬೇರೆ ಬರೆದು ಹಂಚಿದರು. ಸಂಬಳ ಕೊಟ್ಟು ಬರೆಸಿದವರು ಯಾರೂ ಇರಲಿಲ್ಲ.

ಘಾಟಿಯ ತಿರುವಿನ ಫಲಕ

ಈ ಎರಡು ಪುಸ್ತಕಗಳ ಕಲ್ಪನೆಯನ್ನು ಅತ್ಯಂತ ಚೊಕ್ಕವಾಗಿ ಮಾಡಿ ತೋರಿಸಿದವರು ಡೊನಾಲ್ಡ್ ನೂಥ್. ತಮ್ಮ ಗಣಿತದ ಪುಸ್ತಕ ಅಂದವಾಗಿ ಅಚ್ಚಾಗಲಿಲ್ಲವೆಂದು ಬೇಸತ್ತು, 1970ರ ದಶಕದ ಕೊನೆಯಲ್ಲಿ ಅಕ್ಷರ ಜೋಡಣೆಯ ತಂತ್ರಾಂಶವನ್ನೇ ಬರೆಯಲು ಕುಳಿತ ಪ್ರಾಧ್ಯಾಪಕರು ಇವರು. ಅದರ ಹೆಸರು ಟೆಕ್. 1984ರಲ್ಲಿ ಬಳಸುವವರಿಗಾಗಿ 'ಟೆಕ್‌ಬುಕ್' ಬಂತು. 1986ರಲ್ಲಿ 'ಟೆಕ್: ದಿ ಪ್ರೋಗ್ರಾಂ' ಬಂತು, ತಂತ್ರಾಂಶದ ಪೂರ್ಣ ಮೂಲಬರಹ, ಸಾಲು ಸಾಲಿಗೂ ವಿವರಣೆ. ಅಕ್ಷರರೂಪ ಮಾಡುವ ಇನ್ನೊಂದು ತಂತ್ರಾಂಶಕ್ಕೂ ಅದೇ ರೀತಿ ಜೋಡಿ ಪುಸ್ತಕ.

ಬಳಸುವವರ ಪುಸ್ತಕದಲ್ಲೂ ಒಂದು ಜಾಣತನವಿದೆ. ಮೊದಲ ಓದಿನಲ್ಲಿ ಬಿಟ್ಟು ಮುಂದೆ ಹೋಗಬಹುದಾದ ಕಠಿಣ ಭಾಗಗಳನ್ನು ಸಣ್ಣ ಅಕ್ಷರದಲ್ಲಿ ಹಾಕಿ, ಬದಿಯಲ್ಲಿ ರಸ್ತೆಯ ಅಪಾಯಕಾರಿ ತಿರುವಿನ ಫಲಕದ ಚಿತ್ರ ಹಾಕಿದ್ದಾರೆ. ಇನ್ನೂ ಕಠಿಣವಾದರೆ ಎರಡು ಫಲಕ. ಚಾರ್ಮಾಡಿ ಘಾಟಿ ಹತ್ತಿದವರಿಗೆ ಈ ಫಲಕದ ಅರ್ಥ ವಿವರಿಸಬೇಕಾಗಿಲ್ಲ. ಪುಸ್ತಕ ಒಂದೇ ಆದರೂ ಇಬ್ಬರು ಓದುಗರು ಜತೆಯಾಗಿ ಹೋಗಬಹುದು, ಒಬ್ಬರು ಇನ್ನೊಬ್ಬರ ದಾರಿಗೆ ಅಡ್ಡ ಬರುವುದಿಲ್ಲ.

ಕಿನ್ನಿಕಂಬಳದ ಕೀಲಿಮಣೆ

ನಮ್ಮ ಕಡೆಗೆ ಬರೋಣ. ಶಿರ್ತಾಡಿಯ ಗೋಡೆಯ ಹಾಳೆಯ ಮೂಲ ಹುಡುಕಿದರೆ ಅದೂ ಇದೇ ಜಿಲ್ಲೆಯದು. ಮಂಗಳೂರು ಸಮೀಪದ ಕಿನ್ನಿಕಂಬಳದ ಪದ್ಮನಾಭ ರಾವ್, ಎಂದರೆ ಕೆ.ಪಿ. ರಾವ್, ಟಾಟಾ ಪ್ರೆಸ್, ಮಾನೋಟೈಪ್ ಸಂಸ್ಥೆಗಳಲ್ಲಿ ಅಕ್ಷರ ಜೋಡಣೆಯ ಕೆಲಸ ಮಾಡಿದವರು. ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡವನ್ನು ಉಚ್ಚಾರದ ಆಧಾರದಲ್ಲಿ ಹಂಚಿದ ವಿನ್ಯಾಸ ಅವರದು. ಅಲ್ಪಪ್ರಾಣಕ್ಕೆ ನೇರ ಕೀಲಿ, ಮಹಾಪ್ರಾಣಕ್ಕೆ ಅದೇ ಕೀಲಿ ಶಿಫ್ಟ್ ಒತ್ತಿ. ಬಕಾರ ಬಿ ಆದರೆ ಭಕಾರ ದೊಡ್ಡ ಬಿ. ಟೈಪ್‌ರೈಟರಿನ ಹಾಗೆ ಅಕ್ಷರದ ತುಂಡುಗಳನ್ನು ಜೋಡಿಸಬೇಕಿಲ್ಲ. ಕಾಗುಣಿತ ಗೊತ್ತಿದ್ದವರು ಅರ್ಧ ದಿನದಲ್ಲಿ ಕಲಿಯುತ್ತಾರೆ. ಈ ವಿನ್ಯಾಸವಿದ್ದ ತಮ್ಮ ತಂತ್ರಾಂಶಕ್ಕೆ ಅವರು ಜಿಲ್ಲೆಯ ದೊಡ್ಡ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂದು ಹೆಸರಿಟ್ಟು ಉಚಿತವಾಗಿ ಹಂಚಿದರು. ವಿನ್ಯಾಸದ ಮೇಲೆ ಒಡೆತನ ಸಾಧಿಸಲಿಲ್ಲ.

1990ರ ದಶಕ ಕನ್ನಡ ಗಣಕಲೋಕಕ್ಕೆ ಗೊಂದಲದ ಕಾಲ. ಒಂದೊಂದು ಕಂಪನಿಯದು ಒಂದೊಂದು ಕೀಲಿಮಣೆ, ಒಂದೊಂದು ಸಂಕೇತಕ್ರಮ. ಒಂದು ಕಚೇರಿಯಲ್ಲಿ ಬೆರಳಚ್ಚಿಸಿದ ಪತ್ರ ಪಕ್ಕದ ಕಚೇರಿಯಲ್ಲಿ ತೆರೆಯುತ್ತಿರಲಿಲ್ಲ. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಇಸ್ಕಿ ಎಂಬ ಸಂಕೇತಕ್ರಮ 1991ರಲ್ಲಿ ರಾಷ್ಟ್ರೀಯ ಶಿಷ್ಟತೆಯಾಗಿದ್ದರೂ ಡಿಟಿಪಿ ಅಂಗಡಿಗಳು ಅದರ ದಾರಿ ಹಿಡಿಯಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಅನಂತರ ಕನ್ನಡ ಗಣಕ ಪರಿಷತ್ತಿನ ಮೂಲಕ ಸರ್ಕಾರದ 'ನುಡಿ' ಬಂತು. ರಾವ್ ಅವರ ವಿನ್ಯಾಸ ಸಣ್ಣಪುಟ್ಟ ಮಾರ್ಪಾಡುಗಳೊಂದಿಗೆ ರಾಜ್ಯದ ಅಧಿಕೃತ ಕೀಲಿಮಣೆಯಾಯಿತು. ಫಾಂಟಿನ ಸಂಕೇತಗಳಿಗೂ ಒಂದು ಏಕರೂಪ ತರುವ ಪ್ರಯತ್ನ ನಡೆಯಿತು.

ಆ ಪ್ರಯತ್ನದ ಫಲವನ್ನು ನಾವು ಇಂದು ಉಣ್ಣುತ್ತಿದ್ದೇವೆ. ಯಾವ ಮನೆಯಲ್ಲಿ ಯಾವ ಮೊಳೆ ಎಂಬ ಪಟ್ಟಿ ಬಹಿರಂಗವಾಗಿದ್ದ ಸಂಕೇತಕ್ರಮಗಳಲ್ಲಿ ಬರೆದಿಟ್ಟ ಬರಹವನ್ನು ಈಗ ಯುನಿಕೋಡಿಗೆ ಬದಲಾಯಿಸಬಹುದು. ಮುಕ್ತ ತಂತ್ರಾಂಶದ ಆಸಕ್ತರು ಅದಕ್ಕೆ ಪರಿವರ್ತಕಗಳನ್ನು ಬರೆದು, ಮೂಲಬರಹದ ಸಹಿತ ಎಲ್ಲರಿಗೂ ಕೊಟ್ಟಿದ್ದಾರೆ. ಪಟ್ಟಿಯನ್ನು ಗುಟ್ಟಾಗಿ ಇಟ್ಟುಕೊಂಡವರ ತಂತ್ರಾಂಶದಲ್ಲಿ ಬರೆದದ್ದು ಮಾತ್ರ ಅವರ ಜತೆಯೇ ಹೋಯಿತು. ದೈವಸ್ಥಾನದ ಸಿ.ಡಿ.ಗೆ ಆದದ್ದು ಇದೇ. ಅಂಥ ತಂತ್ರಾಂಶಗಳ ಜತೆ ಬಳಸುವವರ ಕೈಪಿಡಿ ಬರುತ್ತಿತ್ತು, ಬಣ್ಣದ ರಕ್ಷಾಪುಟದ ಸಹಿತ. ಕಟ್ಟುವವರ ಪುಸ್ತಕ ಅಂಗಡಿಯವರ ಕೈಗೆ ಎಂದೂ ಬರಲಿಲ್ಲ. ಅದನ್ನು ಕೇಳಬೇಕು ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಉಚಿತ ಎಂಬುದೂ ಮುಕ್ತ ಎಂಬುದೂ ಒಂದಲ್ಲ ಎಂದು ಇಲ್ಲಿ ಹೇಳಬೇಕು. ದುಡ್ಡು ಕೊಡದೆ ಸಿಕ್ಕಿದ ತಂತ್ರಾಂಶದ ಒಳಗುಟ್ಟು ತಿಳಿಯದೇ ಇರಬಹುದು. ದುಡ್ಡು ಕೊಟ್ಟು ಕೊಂಡದ್ದರ ಒಳಗುಟ್ಟು ಬಹಿರಂಗವಾಗಿಯೂ ಇರಬಹುದು. ಇಪ್ಪತ್ತು ವರ್ಷ ಕಳೆದ ಮೇಲೆ ಬರಹ ಉಳಿಯುತ್ತದೆಯೇ ಎಂಬುದು ಬೆಲೆಯ ಮೇಲೆ ನಿಂತಿಲ್ಲ, ಆ ಎರಡನೆಯ ಪುಸ್ತಕದ ಮೇಲೆ ನಿಂತಿದೆ.

ತಪ್ಪು ಹೆಸರಿನ ಅಕ್ಷರ

ಕಟ್ಟುವವರ ಪುಸ್ತಕ ಎಂದರೆ ತಪ್ಪಿಲ್ಲದ್ದು ಎಂದು ತಿಳಿಯಬಾರದು. ಕೇಶಿರಾಜ ಚಿಂತಿಸಿದ ೞಕಾರಕ್ಕೆ ಯುನಿಕೋಡಿನಲ್ಲಿ 3294ನೇ ಮನೆ. ಆದರೆ ಪಟ್ಟಿ ಮಾಡಿದವರು ಆ ಮನೆಯ ಬಾಗಿಲಿಗೆ ಬರೆದ ಹೆಸರು ಇಂಗ್ಲಿಷಿನಲ್ಲಿ 'ಎಫ್ ಎ', ಎಂದರೆ ಫ್ಯಾನಿನ ಫ. ಹಳಗನ್ನಡದ ಅಕ್ಷರವನ್ನು ಯಾರೋ ಹಾಗೆ ಓದಿಬಿಟ್ಟಿದ್ದರು. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಬಾರದು ಎಂಬುದು ಯುನಿಕೋಡಿನ ಕಟ್ಟುನಿಟ್ಟಿನ ನಿಯಮ, ಏಕೆಂದರೆ ಆ ಹೆಸರುಗಳನ್ನು ನಂಬಿ ಜಗತ್ತಿನ ಎಷ್ಟೋ ತಂತ್ರಾಂಶಗಳು ನಡೆಯುತ್ತವೆ. ಹಾಗಾಗಿ ತಪ್ಪು ಹೆಸರು ಇಂದಿಗೂ ಹಾಗೇ ಇದೆ. ಪಕ್ಕದಲ್ಲಿ, ಇದು ತಪ್ಪು, ಸರಿಯಾದ ಹೆಸರು ಇದು ಎಂಬ ಟಿಪ್ಪಣಿ ಸೇರಿಸಿದ್ದಾರೆ. ಬಳಸುವವರಿಗೆ ಇದರಿಂದ ತೊಂದರೆಯಿಲ್ಲ, ಪಂಪನನ್ನು ಬೆರಳಚ್ಚಿಸುವವರಿಗೆ ಪರದೆಯ ಮೇಲೆ ೞ ಸರಿಯಾಗಿಯೇ ಮೂಡುತ್ತದೆ. ಎಡವಬಹುದಾದವರು ಫಾಂಟು ಮಾಡುವವರು. ಟಿಪ್ಪಣಿ ಇರುವುದು ಅವರಿಗಾಗಿ.

ಇದಕ್ಕೆ ತಿರುಗುಮುರುಗಾದ ಉದಾಹರಣೆ ಪತ್ರಿಕಾ ಕಚೇರಿಗಳಲ್ಲಿ ಎಲ್ಲರಿಗೂ ಗೊತ್ತು. ಪರೀಕ್ಷಾ ಫಲಿತಾಂಶದ ದಿನ 'ರ‍್ಯಾಂಕ್' ಎಂದು ಬರೆಯಬೇಕು. ರಕಾರಕ್ಕೆ ಯ ಒತ್ತು ಬರಬೇಕು. ಸಾಮಾನ್ಯವಾಗಿ ಕೀಲಿಸಿದರೆ ಅದು ಯಕಾರಕ್ಕೆ ಅರ್ಕಾವೊತ್ತು ಆಗಿ 'ರ್ಯಾಂಕ್' ಎಂದು ಕೂರುತ್ತದೆ. ನಡುವೆ ಕಣ್ಣಿಗೆ ಕಾಣದ ಒಂದು ಕೂಡಿಸುವ ಸಂಕೇತ ಇಡಬೇಕು. ಅದನ್ನು ರಕಾರದ ಬೆನ್ನಿಗೇ, ವಿರಾಮ ಚಿಹ್ನೆಗೆ ಮೊದಲು ಇಡಬೇಕು ಎಂದು ಯುನಿಕೋಡ್ ಗ್ರಂಥ ಸ್ಪಷ್ಟವಾಗಿ ಹೇಳಿದೆ. ಆದರೆ ಆ ಕಾಣದ ಸಂಕೇತಕ್ಕೆ ತನ್ನ ಯಂತ್ರದಲ್ಲಿ ಯಾವ ಕೀಲಿ ಎಂದು ಉಪಸಂಪಾದಕನಿಗೆ ಹೇಳುವ ಪುಟ ಎಲ್ಲಿದೆ? ಕಟ್ಟುವವರಿಗೆ ಬರೆದಿಟ್ಟ ವಿಷಯ ಬಳಸುವವರವರೆಗೆ ಇಳಿದು ಬಂದೇ ಇಲ್ಲ. ಪುಸ್ತಕಗಳನ್ನು ಬೇರೆ ಮಾಡುವುದರ ಅಪಾಯ ಇದು. ನಡುವೆ ಸೇತುವೆ ಹಾಕಲು ಮರೆತರೆ ಎರಡು ದಡಗಳಷ್ಟೇ ಉಳಿಯುತ್ತವೆ.

ಭಾಷೆಯ ತೊಡಕು ಇದರ ಮೇಲೊಂದು. ಕಟ್ಟುವವರ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ, ಇರಲಿ. ಬಳಸುವವರ ಪುಟಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ಸ್ವಯಂಸೇವಕರು ಶ್ರದ್ಧೆಯಿಂದ ಮಾಡುತ್ತ ಬಂದಿದ್ದಾರೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ತುಳು ವಿಕಿಪೀಡಿಯ 2016ರಲ್ಲಿ ಬಂತು. ಎರಡರಲ್ಲೂ ಹೊಸಬರಿಗೆ ಆಯಾ ಭಾಷೆಯಲ್ಲೇ ಸಹಾಯಪುಟಗಳಿವೆ. ಆದರೆ ಕನ್ನಡಕ್ಕೆ ಬಂದ ತಂತ್ರಾಂಶಗಳನ್ನು ತೆರೆದರೆ 'ಕಡತ', 'ಸಂಪಾದನೆ', 'ಹಿಮ್ಮರಳಿಸು' ಎಂಬ ಪದಗಳು ಎದುರಾಗುತ್ತವೆ. ಡಿಟಿಪಿ ಅಂಗಡಿಯಲ್ಲಿ ಜನ ಆಡುವುದು ಫೈಲು, ಎಡಿಟು, ಅನ್‌ಡೂ. ಪದ ಕಟ್ಟುವವರನ್ನು ನಾನು ಹಳಿಯುತ್ತಿಲ್ಲ, ಕೆಲವು ಪದಗಳು ಕಾಲ ಕಳೆದಂತೆ ನಾಲಿಗೆಗೆ ಹತ್ತುತ್ತವೆ. ಕೀಲಿಮಣೆ ಎಂಬುದು ಹತ್ತಿತು. ಬಳಸುವವರ ಪುಸ್ತಕ ಬರೆಯುವವರು ಬಳಸುವವರ ನಡುವೆ ಒಂದು ದಿನವಾದರೂ ಕುಳಿತಿರಬೇಕು ಎನ್ನುವುದಷ್ಟೇ ನನ್ನ ತಕರಾರು.

ತುಳುವಿನ ಲಿಪಿಗೂ ಈಗ ಇದೇ ಹಂತ. 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡಿನ 16ನೇ ಆವೃತ್ತಿಯಲ್ಲಿ 'ತುಳು-ತಿಗಳಾರಿ' ಎಂಬ ಹೆಸರಿನಲ್ಲಿ 80 ಸಂಕೇತಗಳು ಸೇರಿದವು. ಹಲವು ವರ್ಷಗಳ ಅರ್ಜಿ, ವಾದ, ತಾಳೆಗರಿಯ ಸಾಕ್ಷ್ಯಗಳ ಫಲ ಅದು. ಸುದ್ದಿ ಬಂದ ದಿನ, ಇನ್ನು ಮೊಬೈಲಿನಲ್ಲಿ ತುಳು ಲಿಪಿಯಲ್ಲೇ ಬರೆಯಬಹುದು ಎಂದು ಹಲವರು ಸಂತೋಷಪಟ್ಟರು. ಆದರೆ ಬಂದದ್ದು ಕಟ್ಟುವವರ ಪುಸ್ತಕ. ಫಾಂಟು, ಕೀಲಿಮಣೆ, ಗೋಡೆಗೆ ಅಂಟಿಸುವ ಹಾಳೆ, ಇವು ಬೇರೆ ಕೆಲಸಗಳು. ಕನ್ನಡಕ್ಕೆ ಹಾಳೆ ಮೊದಲು ಬಂದು ಸಂಕೇತ ಹಿಂದೆ ನೆಲೆಯಾಯಿತು. ತುಳುವಿಗೆ ಸಂಕೇತ ಮೊದಲು.

ನೋಟ್‌ಬುಕ್ಕಿನ ಎರಡು ಬದಿ

ದೈವಸ್ಥಾನದ ಸಂಚಿಕೆಯ ಕತೆ ಬಾಕಿ ಇದೆ. ಅಂಗಡಿಯವರಿಗೆ ಸಿಕ್ಕಿದ ಗೆದ್ದಲು ಹಿಡಿದ ಪ್ರತಿಯಲ್ಲಿ ಹದಿನೆಂಟು ಪುಟಗಳಲ್ಲಿ ಆರೇಳು ಪುಟ ಓದುವಂತಿದ್ದವು. ಅವನ್ನು ಪರದೆಯ ಪಕ್ಕಕ್ಕೆ ಇಟ್ಟುಕೊಂಡು, ಅಚ್ಚಿನಲ್ಲಿ ಕಂಡ ಅಕ್ಷರಕ್ಕೆ ಪರದೆಯಲ್ಲಿ ಯಾವ ಚಿಹ್ನೆ ಎಂದು ಒಂದೊಂದಾಗಿ ಹೊಂದಿಸತೊಡಗಿದರು. ಮೊದಲು ಊರಿನ ಹೆಸರು, ಆಮೇಲೆ ದೈವದ ಹೆಸರು, ಏಕೆಂದರೆ ಅವು ಪುಟಪುಟದಲ್ಲೂ ಬರುತ್ತವೆ. ಒಂದು ವಾರ ರಾತ್ರಿ ಕುಳಿತು ನೂರೈವತ್ತಕ್ಕೂ ಹೆಚ್ಚು ಚಿಹ್ನೆಗಳನ್ನು ಹೊಂದಿಸಿದರಂತೆ. ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿರುವ ಅವರ ಅಣ್ಣನ ಮಗಳು ಆ ಪಟ್ಟಿಯನ್ನು ಮುಕ್ತವಾಗಿ ಸಿಗುವ ಪರಿವರ್ತಕವೊಂದಕ್ಕೆ ಸೇರಿಸಿ, ಅರ್ಕಾವೊತ್ತನ್ನು ಮುಂದಕ್ಕೆ ಎತ್ತಿಡುವ ಏರ್ಪಾಡನ್ನೂ ಮಾಡಿಕೊಟ್ಟಳು. ಆ ಪರಿವರ್ತಕದ ಕೆಲಸದ ಕ್ರಮವನ್ನು ಬರೆದವರು ಬಿಡಿಸಿ ಹೇಳಿದ್ದರಿಂದ ಇದು ಸಾಧ್ಯವಾಯಿತು ಎಂದು ಅವಳೇ ಹೇಳಿದಳು. ಹದಿನೆಂಟು ಪುಟಗಳಲ್ಲಿ ಎಲ್ಲೋ ಕೆಲವು ಒತ್ತಕ್ಷರ ಬಿಟ್ಟರೆ ಉಳಿದದ್ದೆಲ್ಲ ಓದುವಂತಾಯಿತು.

ಪಟ್ಟಿ ಬರೆದದ್ದು ಅಂಗಡಿಯ ಲೆಕ್ಕದ ನೋಟ್‌ಬುಕ್ಕಿನಲ್ಲಿ. ಮುಂಭಾಗದಲ್ಲಿ ಕೆಲಸಕ್ಕೆ ಬರುವ ಹುಡುಗಿಯರಿಗೆ ಸೂಚನೆಗಳು. ಮದುವೆ ಕಾಗದಕ್ಕೆ ಯಾವ ಅಳತೆ, ಯಾವ ಅಕ್ಷರ, ದೈವಗಳ ಹೆಸರಿನ ಕಾಗುಣಿತ ಹೇಗೆ, ಪ್ರಿಂಟರ್ ನಿಂತರೆ ಏನು ಮಾಡಬೇಕು. ತಿರುಗಿಸಿ ಹಿಂಬದಿಯಿಂದ ತೆರೆದರೆ ಪೌಂಡು, ಎಸ್ಸೆಟ್, ಗೀಟು ಹೊತ್ತ ಎ, ಎದುರಿಗೆ ಕನ್ನಡದ ತುಂಡುಗಳು. ಹೀಗೆ ಎರಡು ಬದಿಯಿಂದ ಏಕೆ ಬರೆದಿರಿ ಎಂದು ಕೇಳಿದೆ.

"ಆ ಮಕ್ಕಳು ಇದನ್ನು ನೋಡಿದ್ರೆ ಹೆದ್ರಿ ಹೋಗ್ತಾರೆ ಅಲ್ವಾ" ಎಂದರು. ಆಮೇಲೆ, ಇನ್ನೊಂದು ಊರಿನಿಂದಲೂ ಅಂಥದೇ ಒಂದು ಸಿ.ಡಿ. ಬಂದಿದೆ ಎಂದು ಮೇಜಿನ ಖಾನೆಯಿಂದ ತೆಗೆದು ತೋರಿಸಿದರು.